ಕಿರಿಯರಿಗಾಗಿ ಓಡಿದ ಹಿರಿಯ



ಪರರಿಗಾಗಿ ಬೇಡುವುದು ತನಗಾಗಿ ಬೇಡುವುದಕ್ಕಿಂತ ಸುಲಭವೆಂದು ದೂರದಿಂದ ನೋಡುವವರಿಗೆ ತೋರಬಹುದು. ಆದರೆ ಒಮ್ಮೆಯಾದರೂ ರಸೀದಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೆರೆಮನೆಯ ಬಾಗಿಲ ಮುಂದೆ ನಿಂತವರು, ಆಡಬೇಕಾದ ಮಾತು ಗಂಟಲಿನಲ್ಲಿಯೆ ಉಳಿದುಬಿಡುವ ಆ ಸಂಕೋಚವನ್ನು ಬಲ್ಲರು. ನನ್ನನ್ನು ಕೇಳಲು ಇವನಿಗೇನು ಅಧಿಕಾರವೆಂದು ಬಾಗಿಲು ತೆರೆದವರು ಬಾಯಿಬಿಟ್ಟು ಅನ್ನದಿದ್ದರೂ, ಬೇಡಲು ಬಂದವನ ಮನಸ್ಸು ಆ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುತ್ತದೆ. ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿಗಳ ಅನ್ನ ವಸತಿಗಳಿಗಾಗಿ ಜೋಳಿಗೆ ಹಿಡಿದು ಊರೂರು ಸುತ್ತಿದ ಮಠಾಧಿಪತಿಗಳಿಗೆ ಆ ಅಧಿಕಾರವನ್ನು ಅವರ ವಿರಕ್ತಿಯೇ ತಂದುಕೊಟ್ಟಿತ್ತು. ಕಾವಿಯುಡದ, ಕಚೇರಿಗೆ ಹೋಗಿಬರುವ, ಹೆಂಡತಿ ಮಕ್ಕಳೊಂದಿಗೆ ಸಂಸಾರ ತೂಗಿಸುವ ಸಾಮಾನ್ಯನಿಗೆ ಅದು ಎಲ್ಲಿಂದ ಬರಬೇಕು? ಕಳೆದ ನಾಲ್ಕೈದು ದಶಕಗಳಲ್ಲಿ ಲೋಕದ ಹಲವು ಮಹಾನಗರಗಳು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರವು ಮೊದಲ ನೋಟಕ್ಕೆ ವಿಚಿತ್ರವಾಗಿಯೇ ಕಾಣುತ್ತದೆ: ಆತನು ಓಡಬೇಕು, ಅದೂ ಹಿಂದೆಂದೂ ಓಡದಷ್ಟು ದೂರ ಓಡಬೇಕು, ಆ ಓಟದ ಶ್ರಮವನ್ನು ಜಾಮೀನಾಗಿಟ್ಟು ಬೇರೆಯವರ ಕಷ್ಟಕ್ಕೆಂದು ಕೈಯೊಡ್ಡಬೇಕು.

ಲಂಡನ್ ನಗರದ ಮ್ಯಾರಥಾನ್ ಓಟವು 1981ರ ಮಾರ್ಚ್ 29ರಂದು ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಕ್ರಿಸ್ ಬ್ರ್ಯಾಷರ್ ಅವರು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಸ್ಟೀಪಲ್‌ಚೇಸ್ ಓಟದ ಸ್ವರ್ಣಪದಕವನ್ನು ಗೆದ್ದವರು. ಅದಕ್ಕೂ ಎರಡು ವರ್ಷ ಮೊದಲು, ರೋಜರ್ ಬ್ಯಾನಿಸ್ಟರ್ ಅವರು ನಾಲ್ಕು ನಿಮಿಷದೊಳಗೆ ಒಂದು ಮೈಲಿಯನ್ನು ಓಡಿ ಜಗತ್ತನ್ನು ಬೆರಗುಗೊಳಿಸಿದ ದಿನ, ಆರಂಭದ ಸುತ್ತುಗಳಲ್ಲಿ ಅವರ ಮುಂದೆ ಓಡಿ ವೇಗವನ್ನು ಕಾಯ್ದುಕೊಟ್ಟವರೂ ಇವರೇ. ಮತ್ತೊಬ್ಬನ ಸಿದ್ಧಿಗಾಗಿ ತಾನು ಓಡುವುದೆಂದರೇನೆಂಬುದನ್ನು ಅನುಭವದಿಂದ ಅರಿತಿದ್ದ ಇಂತಹವರ ಕೈಯಲ್ಲಿ ಬೆಳೆದ ಆ ಓಟವು, ಪದಕದ ಆಸೆಯಿಲ್ಲದ ಸಹಸ್ರಾರು ಜನರು ಧರ್ಮಕಾರ್ಯಗಳಿಗೆ ಹಣ ಕೂಡಿಸಲೆಂದು ಓಡುವ ವಾರ್ಷಿಕ ಸಂಭ್ರಮವಾದುದು ಆಕಸ್ಮಿಕವಲ್ಲ. ಅಲ್ಲಿ ಅನೇಕ ಸೇವಾಸಂಸ್ಥೆಗಳು ಕೆಲವು ಸ್ಥಾನಗಳನ್ನು ಮೊದಲೇ ಪಡೆದಿರುತ್ತವೆ. ಇಷ್ಟು ಹಣವನ್ನು ಸಂಗ್ರಹಿಸಿ ತರುವೆನೆಂದು ಮಾತು ಕೊಟ್ಟವರಿಗೆ ಆ ಸ್ಥಾನವನ್ನು ಕೊಡುತ್ತವೆ. ಹೀಗೆ ಸ್ಥಾನ ಪಡೆದವರಲ್ಲಿ ಬಹುಮಂದಿಗೆ ಅದು ಜೀವಮಾನದ ಮೊದಲ ಮ್ಯಾರಥಾನ್. ಎಷ್ಟೋ ಮಂದಿಗೆ ಅದೇ ಕೊನೆಯದೂ ಹೌದು.

ಅಂತಹ ಮೊದಲ ಓಟಗಳಲ್ಲಿ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು, 2000ದ ಏಪ್ರಿಲ್ ತಿಂಗಳಿನಲ್ಲಿ ಸರ್ದಾರ್ ಫೌಜಾ ಸಿಂಗರು ಓಡಿದ ಓಟ. ಅವರ ಪಾಸ್‌ಪೋರ್ಟಿನಲ್ಲಿ ಜನ್ಮದಿನವೆಂದು ನಮೂದಾಗಿದ್ದುದು 1911ರ ಏಪ್ರಿಲ್ 1. ಆ ಲೆಕ್ಕದಂತೆ ಅಂದು ಅವರಿಗೆ 89 ವರ್ಷ. ಜನನಪತ್ರವಿಲ್ಲವೆಂಬ ಕಾರಣದಿಂದ ಗಿನ್ನೆಸ್ ದಾಖಲೆಯ ಗ್ರಂಥವು ಅವರ ವಯಸ್ಸನ್ನು ಕಡೆಯವರೆಗೂ ಮಾನ್ಯಮಾಡಲಿಲ್ಲ. ನೂರು ವರ್ಷಗಳ ಹಿಂದೆ ಹಳ್ಳಿಯ ರೈತನ ಮನೆಯಲ್ಲಿ ಹುಟ್ಟಿದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯ ಬಳಿ ಅಂತಹ ಪತ್ರವಿದ್ದೀತು? ನಾಲ್ಕೈದು ವರ್ಷ ಹೆಚ್ಚು ಕಡಿಮೆಯಾದರೂ ಆ ಓಟದ ತೂಕವೇನೂ ಕುಗ್ಗದೆಂದೇ ನನ್ನ ಭಾವನೆ.

ಜಲಂಧರ ಜಿಲ್ಲೆಯ ಬಿಯಾಸ್ ಪಿಂಡ್ ಎಂಬ ಗ್ರಾಮದಲ್ಲಿ ಹುಟ್ಟಿದ ಫೌಜಾ ಸಿಂಗರು ಐದು ವರ್ಷದವರೆಗೂ ನಡೆಯಲಿಲ್ಲ. ಕಾಲುಗಳು ಅಷ್ಟು ಕೃಶವಾಗಿದ್ದುವು. ಬಳಿಕ ನಡೆದರು, ಉತ್ತರು, ಬಿತ್ತಿದರು, ಸಂಸಾರವನ್ನು ಕಟ್ಟಿದರು. ವೃದ್ಧಾಪ್ಯದಲ್ಲಿ ಪತ್ನಿಯು ತೀರಿಕೊಂಡರು. 1994ರಲ್ಲಿ ಕುಲದೀಪನೆಂಬ ಮಗನು ಅವಘಡವೊಂದರಲ್ಲಿ ತಂದೆಯ ಕಣ್ಣೆದುರಿಗೇ ಅಸುನೀಗಿದನು. ಪುತ್ರಶೋಕವು ನಿರಂತರವೆಂಬ ಮಾತು ನಮ್ಮಲ್ಲುಂಟು. ಆ ಶೋಕವನ್ನು ಹೊತ್ತು, ಲಂಡನ್ನಿನ ಪೂರ್ವದಂಚಿನ ಇಲ್ಫರ್ಡಿನಲ್ಲಿದ್ದ ಇನ್ನೊಬ್ಬ ಮಗನ ಮನೆಯನ್ನು ಸೇರಿದ ಮುದುಕರಿಗೆ, ಭಾಷೆಯರಿಯದ ಊರಿನಲ್ಲಿ, ಹೊಲವಿಲ್ಲದ ದಿನಗಳಲ್ಲಿ, ಕಾಲುಗಳಿಗೆ ಕೆಲಸ ಕೊಡುವುದೊಂದೇ ಉಪಾಯವಾಗಿ ಒದಗಿತು. ಮೊದಲು ನಡಿಗೆ, ಆಮೇಲೆ ಓಟ. ಅಭ್ಯಾಸಕ್ಕೆಂದು ತರಬೇತುದಾರರ ಬಳಿಗೆ ಬಂದ ಮೊದಲ ದಿನ ಕೋಟು, ವೇಸ್ಟ್‌ಕೋಟುಗಳೊಡನೆ ಪೂರ್ಣ ಸೂಟು ತೊಟ್ಟು ಬಂದಿದ್ದರಂತೆ; ಮನೆಯಿಂದ ಹೊರಟು ನಾಲ್ಕು ಜನರ ನಡುವೆ ನಿಲ್ಲುವಾಗ ಮರ್ಯಾದೆಯ ಉಡುಪಿರಬೇಕೆಂಬ ಹಳೆಯ ಕಾಲದ ಸಂಸ್ಕಾರ ಅದು. ಮ್ಯಾರಥಾನ್ ಎಂದರೆ 26 ಕಿಲೋಮೀಟರ್ ಎಂದೇ ಅವರು ಮೊದಲು ತಿಳಿದಿದ್ದರು. ಅದು 26 ಮೈಲಿ, ಎಂದರೆ 42 ಕಿಲೋಮೀಟರಿಗೂ ಮಿಗಿಲೆಂದು ತಿಳಿದ ಮೇಲೆಯೇ ಅಭ್ಯಾಸವು ನಿಜವಾದ ತಪಸ್ಸಾಯಿತು.

ಅವರು ಓಡಿದ್ದು ಬ್ಲಿಸ್ ಎಂಬ ಸಂಸ್ಥೆಗಾಗಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಹಾಗೂ ಅವುಗಳ ತಾಯ್ತಂದೆಯರ ನೆರವಿಗೆಂದು ನಿಂತ ಸಂಸ್ಥೆ ಅದು. ಮೂವತ್ತೇಳು ವಾರಗಳು ತುಂಬುವ ಮೊದಲೇ ಹುಟ್ಟಿದ ಕೂಸನ್ನು ವೈದ್ಯರು ಅಕಾಲಜಾತವೆನ್ನುತ್ತಾರೆ. ಇಪ್ಪತ್ತೇಳು ಇಪ್ಪತ್ತೆಂಟು ವಾರಗಳಿಗೇ ಹುಟ್ಟಿದ ಕೂಸಿನ ತೂಕ ಸುಮಾರು ಒಂದು ಕಿಲೋ. ಉಸಿರು ಹೊರಹೋದಾಗ ಪುಪ್ಪುಸದ ಸೂಕ್ಷ್ಮ ಗಾಳಿಚೀಲಗಳು ಕುಸಿದು ಮುಚ್ಚಿಕೊಳ್ಳದಂತೆ ತಡೆಯುವ ದ್ರವವು ಅದಕ್ಕಿನ್ನೂ ಸಾಕಷ್ಟು ಊರಿರುವುದಿಲ್ಲ, ಆದ್ದರಿಂದ ಪ್ರತಿಯೊಂದು ಉಸಿರೂ ಮೊದಲ ಉಸಿರಿನಷ್ಟೇ ಕಠಿನ. ಮೊಲೆಯುಣ್ಣುವಾಗ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಬಾರದಿರುವುದರಿಂದ, ತಾಯಿಯ ಹಾಲನ್ನು ನೂಲಿನಂತಹ ನಳಿಕೆಯ ಮೂಲಕ ಹನಿಹನಿಯಾಗಿ ಹೊಟ್ಟೆಗಿಳಿಸಬೇಕು. ಕೂಸನ್ನಿಟ್ಟ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ತಾಯಿಗೆ ವಾರಗಟ್ಟಲೆ ಬೇರೆ ಲೋಕವೇ ಇರುವುದಿಲ್ಲ. ತಾನೇ ಐದು ವರ್ಷ ನೆಲದ ಮೇಲೆ ತೆವಳಿದ ಮಗು, ಎಂಬತ್ತು ವರ್ಷಗಳ ತರುವಾಯ ಇಂತಹ ಕೂಸುಗಳಿಗಾಗಿ ಓಡಲು ನಿಂತಿತು. ಹಿರಿಯರಲ್ಲಿ ಹಿರಿಯನೊಬ್ಬನು ಕಿರಿಯರಲ್ಲಿ ಕಿರಿಯರ ಪರವಾಗಿ ಲೋಕವನ್ನು ಬೇಡಿದನು. ತನ್ನ ಮಗನನ್ನು ಉಳಿಸಿಕೊಳ್ಳಲಾಗದೆ ಹೋದ ತಂದೆಯು ಪರರ ಮಕ್ಕಳು ಉಳಿಯಲೆಂದು ಓಡುವಾಗ, ನಿನಗೇನು ಅಧಿಕಾರವೆಂದು ಕೇಳುವವರಾರು?

ಆ ದಿನ ಮೊದಲಿಗರಾಗಿ ಬಂದ ಪೋರ್ಚುಗಲ್ ದೇಶದ ಆಂಟೋನಿಯೋ ಪಿಂಟೋ ಅವರು 2 ಗಂಟೆ 6 ನಿಮಿಷ 36 ಸೆಕೆಂಡುಗಳಲ್ಲಿ ಓಟವನ್ನು ಮುಗಿಸಿದರು. ಫೌಜಾ ಸಿಂಗರಿಗೆ ಹಿಡಿದದ್ದು 6 ಗಂಟೆ 54 ನಿಮಿಷ. ಗೆದ್ದವನು ಮಿಂದು, ಉಂಡು, ವಿಶ್ರಮಿಸಿದ ಮೇಲೂ ರಸ್ತೆಯ ಮೇಲೆಯೇ ಇದ್ದ ಆ ಪೇಟದ ಮುದುಕರ ಹೆಚ್ಚಿನ ನಾಲ್ಕು ಮುಕ್ಕಾಲು ಗಂಟೆಗಳನ್ನು ಕುರಿತು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಮನುಷ್ಯನ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಇಂಧನವು ಸಾಮಾನ್ಯವಾಗಿ 30 ಕಿಲೋಮೀಟರಿನ ಆಸುಪಾಸಿನಲ್ಲಿ ತೀರುತ್ತ ಬರುತ್ತದೆ. ಅಲ್ಲಿಂದಾಚೆಗೆ ದೇಹವು ಕೊಬ್ಬನ್ನು ನೆಚ್ಚಬೇಕು. ಕೊಬ್ಬು ಬೇಗ ಉರಿಯದು. ಕಾಲುಗಳು ಸೀಸದಂತಾಗಿ, ಇದೆಲ್ಲ ಯಾತಕ್ಕೆಂಬ ಪ್ರಶ್ನೆಯು ಬುದ್ಧಿಯಲ್ಲೇಳುವುದು ಆ ಹೊತ್ತಿನಲ್ಲಿಯೇ. ಮೊದಲ 20 ಮೈಲಿ ಕಷ್ಟವಲ್ಲ, ಕಡೆಯ ಆರನ್ನು ದೇವರೊಡನೆ ಮಾತನಾಡುತ್ತ ಓಡುತ್ತೇನೆ ಎಂಬರ್ಥದ ಮಾತನ್ನು ಫೌಜಾ ಸಿಂಗರು ಹೇಳುತ್ತಿದ್ದರು. ಶರೀರಶಾಸ್ತ್ರವು ಗುರುತಿಸುವ ಎಲ್ಲೆಯೂ ಹೆಚ್ಚು ಕಡಿಮೆ ಅದೇ. ದೇವರನ್ನು ನಂಬದವರೂ ಆ ಎಲ್ಲೆಯಲ್ಲಿ ಯಾರೊಡನೆಯೋ ಮಾತನಾಡಲೇಬೇಕು. ಕೀರ್ತಿಗಾಗಿ ಹೊರಟವನು ತನ್ನೊಡನೆಯೇ ವಾದಕ್ಕಿಳಿದು ಅನೇಕವೇಳೆ ಸೋಲುತ್ತಾನೆ; ಪರರ ಹೆಸರಿನಲ್ಲಿ ಮಾತು ಕೊಟ್ಟು ಬಂದವನಿಗೆ ವಾದಿಸುವ ಸ್ವಾತಂತ್ರ್ಯವೇ ಉಳಿದಿರುವುದಿಲ್ಲವಾಗಿ, ಆತನು ಮುಂದಿನ ಹೆಜ್ಜೆಯನ್ನಿಡುತ್ತಾನೆ.

ಮುಂದಿನ ಕಥೆ ಬಹುಮಂದಿಗೆ ಗೊತ್ತಿರುವುದೇ. 2003ರಲ್ಲಿ ಟೊರಾಂಟೊ ನಗರದಲ್ಲಿ ಅವರು 5 ಗಂಟೆ 40 ನಿಮಿಷಗಳಲ್ಲಿ ಅದೇ ದೂರವನ್ನು ಮುಗಿಸಿದರು. 2011ರಲ್ಲಿ, ನೂರರ ವಯಸ್ಸಿನಲ್ಲಿ, ಅಲ್ಲಿಯೇ ಮತ್ತೊಮ್ಮೆ ಓಡಿದರು. 2013ರಲ್ಲಿ ಹಾಂಗ್‌ಕಾಂಗಿನಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. 2025ರ ಜುಲೈನಲ್ಲಿ, ಹುಟ್ಟೂರಿನ ರಸ್ತೆಯಲ್ಲಿ ವಾಹನವೊಂದು ಬಡಿದು ತೀರಿಕೊಂಡರು.

ನಮ್ಮ ದೇಶದಲ್ಲಿಯೂ ಈಗ ಇಂತಹ ಓಟಗಳು ನೆಲೆಗೊಂಡಿವೆ. ಮುಂಬಯಿಯ ಮ್ಯಾರಥಾನ್ 2004ರಿಂದ, ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟ 2008ರಿಂದ ನಡೆದುಬಂದಿದ್ದು, ಎರಡರಲ್ಲಿಯೂ ಸೇವಾಸಂಸ್ಥೆಗಳಿಗಾಗಿ ಹಣ ಕೂಡಿಸುತ್ತ ಓಡುವವರುಂಟು. ಇವರನ್ನು ಕಂಡು, ಕೊಡಬೇಕೆಂಬ ಮನಸ್ಸಿದ್ದರೆ ಸುಮ್ಮನೆ ಕೊಟ್ಟರಾಯಿತಲ್ಲ, ಈ ಬೆವರೇಕೆ ಎನ್ನುವ ವಿವೇಕಿಗಳೂ ಉಂಟು. ಗುಪ್ತದಾನದ ಹಿರಿಮೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಗುಪ್ತದಾನವು ಒಬ್ಬನ ಕೈಯಲ್ಲಿದ್ದಷ್ಟನ್ನೇ ಕೊಡಬಲ್ಲುದು. ಕೈಯಲ್ಲಿ ಹೆಚ್ಚಿಲ್ಲದ ಗುಮಾಸ್ತನೊಬ್ಬನು, ದಾದಿಯೊಬ್ಬಳು, ಕಾಲೇಜಿನ ಹುಡುಗಿಯೊಬ್ಬಳು, ನಾಲ್ಕಾರು ತಿಂಗಳು ನಸುಕಿನಲ್ಲೆದ್ದು, ವಾರಕ್ಕೊಮ್ಮೆ ದೂರವನ್ನು ತುಸು ತುಸುವೇ ಹೆಚ್ಚಿಸಿಕೊಂಡು, ಮೊಣಕಾಲ ನೋವನ್ನು ಸಂತೈಸಿಕೊಂಡು ಸಿದ್ಧರಾದರೆ, ಅವರನ್ನು ಬಲ್ಲ ಐವತ್ತು ಮಂದಿ ಕೊಡಲು ಮುಂದಾಗುತ್ತಾರೆ. ಆ ಸಿದ್ಧತೆಯಿಲ್ಲದೆ ಉತ್ಸಾಹವೊಂದನ್ನೇ ನಂಬಿ ಯಾರೂ ರಸ್ತೆಗಿಳಿಯಬಾರದೆಂಬುದನ್ನು ಮಾತ್ರ ಖಂಡಿತವಾಗಿ ಹೇಳಬೇಕು.

ಮೈಲಿಗಿಷ್ಟು ಕೊಡುತ್ತೇನೆಂದು ಪಟ್ಟಿಯಲ್ಲಿ ಹೆಸರು ಬರೆಸುವುದು ಹಿಂದಿನ ರೂಢಿ. ಓಟ ಮುಗಿದ ಮೇಲೆ, ಕುಂಟುತ್ತಲೇ, ಅದೇ ಪಟ್ಟಿಯನ್ನು ಹಿಡಿದು ಅದೇ ಬಾಗಿಲುಗಳಿಗೆ ಮತ್ತೊಮ್ಮೆ ಹೋಗಬೇಕಾಗುತ್ತಿತ್ತು. ಮೊದಲ ಸಲ ಬಾಗಿಲಲ್ಲಿ ನಿಲ್ಲಿಸಿಯೇ ಮಾತನಾಡಿಸಿದ ಮನೆಯವರು ಎರಡನೆಯ ಸಲ ಒಳಗೆ ಕರೆದು ಕೂರಿಸುತ್ತಿದ್ದರು. ಕಾಲು ಹೇಗಿದೆಯೆಂದು ಕೇಳುತ್ತಿದ್ದರು. ಹಣ ಯಾರಿಗೆ ಹೋಗುತ್ತದೆಯೆಂದು ವಿಚಾರಿಸುತ್ತಿದ್ದರು. ಅಕಾಲದಲ್ಲಿ ಹುಟ್ಟಿ ಬದುಕಿದ, ಬದುಕದೆಹೋದ ತಮ್ಮ ಮನೆಯ ಕೂಸಿನ ಸಂಗತಿಯನ್ನು ಹೇಳಿಕೊಳ್ಳುವವರೂ ಇದ್ದಿರಬಹುದು. ಈಗ ಹಣವೆಲ್ಲ ಓಟಕ್ಕೆ ಮೊದಲೇ ಮೊಬೈಲಿನಲ್ಲಿ ಸಂದಾಯವಾಗಿಬಿಡುವುದರಿಂದ ಆ ಎರಡನೆಯ ಭೇಟಿಗೆ ಕಾರಣವಿಲ್ಲದಾಗಿದೆ. ಬರುವ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲ ಮ್ಯಾರಥಾನನ್ನು ಓಡಲಿರುವ ಕನ್ನಡಿಗರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಕಾರಣವಿಲ್ಲದಿದ್ದರೂ ಒಮ್ಮೆ ಹೋಗಿಬರಬೇಕೆಂದು ಕೇಳಿಕೊಳ್ಳುತ್ತೇನೆ.