ಎರಡು ಟೆಸ್ಟ್

ಹಗರೆಯಿಂದ ಹಳೇಬೀಡು ದಾಟಿ ಹೋದರೆ ಜಾವಗಲ್, ಇನ್ನೂ ಮುಂದಕ್ಕೆ ಅರಸೀಕೆರೆ. ಈ ದಾರಿಯಲ್ಲಿ ಬಸ್ಸು ಹತ್ತಿದಾಗಲೆಲ್ಲ ನನಗೆ ಇಬ್ಬರು ವೇಗದ ಬೌಲರುಗಳು ನೆನಪಾಗುತ್ತಾರೆ. ಊರನ್ನೇ ಹೆಸರಲ್ಲಿಟ್ಟುಕೊಂಡ ಜಾವಗಲ್ ಶ್ರೀನಾಥ್ ಎಲ್ಲರಿಗೂ ಗೊತ್ತು. ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್?

1996ರ ಅಕ್ಟೋಬರ್. ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್. ಗಾಯಗೊಂಡ ಶ್ರೀನಾಥ್ ಜಾಗಕ್ಕೆ ಬಂದವರು ಜಾನ್ಸನ್. ಒಬ್ಬರ ನೋವು ಇನ್ನೊಬ್ಬರ ಅವಕಾಶ, ಆಟದಲ್ಲಿ ಇದು ಮಾಮೂಲು. ಕುಂಬ್ಳೆ, ದ್ರಾವಿಡ್, ಪ್ರಸಾದ್, ಸುನಿಲ್ ಜೋಶಿ, ಜಾನ್ಸನ್: ಆ ತಂಡದಲ್ಲಿ ಐವರು ಕರ್ನಾಟಕದವರೇ! ಮೈಕೆಲ್ ಸ್ಲೇಟರ್ ಬ್ಯಾಟಿಗೆ ತಾಗಿದ ಚೆಂಡನ್ನು ಸ್ಲಿಪ್‌ನಲ್ಲಿ ಅಜರುದ್ದೀನ್ ಹಾರಿ ಹಿಡಿದರು. ಅದೇ ಜಾನ್ಸನ್ ಅವರ ಮೊದಲ ವಿಕೆಟ್. ಡಿಸೆಂಬರಿನಲ್ಲಿ ಡರ್ಬನ್‌ನಲ್ಲಿ ಅವರ ಎರಡನೇ ಟೆಸ್ಟ್, ಭಾರತ 100ಕ್ಕೆ, ಮತ್ತೆ 66ಕ್ಕೆ ಕುಸಿದ ಪಂದ್ಯ. ಆಮೇಲೆ ಕರೆ ಬರಲಿಲ್ಲ.

ಎರಡು ಟೆಸ್ಟ್, ಮೂರು ವಿಕೆಟ್. ಆದರೆ ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್; ಅದನ್ನು ಯಾರೂ ಹೇಳುವುದಿಲ್ಲ. 2024ರ ಜೂನ್‌ನಲ್ಲಿ ಅವರು ತೀರಿಕೊಂಡಾಗಲೂ ಸುದ್ದಿಯಲ್ಲಿ ಬಂದದ್ದು ಎರಡು ಟೆಸ್ಟ್ ಆಡಿದವರು ಎಂದೇ.