ಬಾರಿಸೋರ ಹೆಸರೆಲ್ಲಿ?

ವೀಕ್ಷಕರೇ, ಹಾಡಿದವರ ಹೆಸರು ನಿಮಗೆ ಗೊತ್ತಿರುತ್ತೆ. ಹಿಂದೆ ಕೂತು ತಾಳ ಹಿಡಿದವರದ್ದು?

ಬೆಂಗಳೂರಿನ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಕಛೇರಿಗಷ್ಟೇ ನಿಲ್ಲಲಿಲ್ಲ. ಜರ್ಮನಿಯ ರಾಕ್ ತಂಡ ಎಂಬ್ರಿಯೋ ಜೊತೆ ನುಡಿಸಿದರು, ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆಗೂ ನುಡಿಸಿದರು. 1983ರ ‘ಜ್ಯೋತಿ’ ಆಲ್ಬಂ ನೋಡಿ. ಮರಿಯಾನೋ ಹೆಸರಿನ ಜೊತೆಗೇ ನಮ್ಮ ತಾಳವಾದ್ಯ ತಂಡದ ಹೆಸರೂ ಇದೆ!

ಇತ್ತ ಕೃಷ್ಣಾ ತೀರದ ತಂಗಡಗಿ ಸೀಮೆಗೆ ಬನ್ನಿ. ಕರಡಿ ಮಜಲು, ಹಲಗಿ ಇಲ್ಲದೆ ಜಾತ್ರೆ ಕಳೆಗಟ್ಟಲ್ಲ. ಆದರೆ ಎಷ್ಟೋ ಊರಲ್ಲಿ ಬ್ಯಾನರ್ ತುಂಬಾ ಮುಖಂಡರ ಫೋಟೋ, ಬಾರಿಸೋರ ಹೆಸರು ಆಮಂತ್ರಣ ಪತ್ರಿಕೆಯಲ್ಲೂ ಇಲ್ಲ. ಮುಂದಿನ ಜಾತ್ರೆಗೆ ಕಮಿಟಿಯವರು ಒಂದು ಸಾಲು ಜಾಗ ಬಿಡಲಿ. ಕೂಲಿ ಕೊಟ್ಟರೆ ಸಾಲದು, ಹೆಸರೂ ಕೊಡಬೇಕು.