ಕಾಣದ ಕಸುಬಿಗೊಂದು ಕನ್ನಡಿ



1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ನೂರು ಮೈಲಿಗೆ ಸಮೀಪವಾದ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಆ ವಿದ್ಯುತ್ತಿನ ಜೊತೆಯಲ್ಲಿಯೇ ನಮ್ಮ ನಾಡಿಗೆ ಹೊಸ ಕಸುಬುಗಳೂ ಬಂದುವೆಂಬುದನ್ನು ನೆನೆಯುವವರು ಕಡಮೆ. ಕುಂಬಾರನ ಮಗ ತಿಗರಿಯ ಬಳಿ, ನೇಕಾರನ ಮಗ ಮಗ್ಗದ ಬಳಿ ಆಡುತ್ತಲೇ ತಂದೆಯ ಕೆಲಸವನ್ನು ಕಣ್ಣಿನಿಂದ ಕಲಿತನು. ಟರ್ಬೈನನ್ನು ಕಾಯುವ ಕೆಲಸವಾದರೋ ಯಾವ ಮನೆತನದ್ದೂ ಆಗಿರಲಿಲ್ಲ. ಹೊಸ ಕಸುಬಿಗೆ ಮನೆಯಲ್ಲಿ ಗುರುವಿಲ್ಲ, ಬೀದಿಯಲ್ಲಿ ಮಾದರಿಯಿಲ್ಲ.

ಇಂದು ಹಸಿರು ಇಂಧನದ ವಿಷಯದಲ್ಲಿ ನಾವು ಮತ್ತೆ ಅದೇ ಹೊಸ್ತಿಲಲ್ಲಿ ನಿಂತಿದ್ದೇವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಆ ನೆಲವನ್ನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಆ ಊರುಗಳ ಶಾಲೆಯಲ್ಲಿ ಹತ್ತನೆಯ ತರಗತಿ ಓದುವ ಹುಡುಗಿಗೆ ಬೇಲಿಯಾಚೆಯ ನೀಲಿ ಫಲಕಗಳು ದಿನವೂ ಕಾಣುತ್ತವೆ. ಅಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಅದಕ್ಕೆ ಏನು ಓದಬೇಕು ಎಂಬುದು ಮಾತ್ರ ಕಾಣುವುದಿಲ್ಲ.

ವೃತ್ತಿ ಮಾರ್ಗದರ್ಶನವೆಂಬ ಶಾಸ್ತ್ರ ಹುಟ್ಟಿದ್ದು ಇಂಥದೇ ಕೊರತೆಯಿಂದ. ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ 1908ರಲ್ಲಿ ಯುವಕರಿಗಾಗಿ ಒಂದು ಸಲಹಾಕೇಂದ್ರವನ್ನು ತೆರೆದನು. ಆತ ಹೇಳಿದ ಸೂತ್ರ ಸರಳವಾದುದು: ಮೊದಲು ನಿನ್ನನ್ನು ತಿಳಿ, ಅನಂತರ ಕೆಲಸವನ್ನು ತಿಳಿ, ಕೊನೆಯಲ್ಲಿ ಇವೆರಡರ ಸಂಬಂಧವನ್ನು ವಿಚಾರಮಾಡು. ಇಂದು ಬಂದಿರುವ ಎರಡು ಹೊಸ ಸಾಧನಗಳನ್ನು ಈ ಹಳೆಯ ಸೂತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಒಳ್ಳೆಯದು.

ಮೊದಲನೆಯದು ವರ್ಚುವಲ್ ರಿಯಾಲಿಟಿ, ನಮ್ಮ ಮಾತಿನಲ್ಲಿ ಮಿಥ್ಯಾವಾಸ್ತವ. ಕಣ್ಣಿಗೊಂದು ಮುಸುಕಿನಂಥ ಕನ್ನಡಕವನ್ನು ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕ ತೆರೆಯುತ್ತದೆ. ತಲೆ ತಿರುಗಿಸಿದತ್ತ ಆ ಲೋಕವೂ ತಿರುಗುತ್ತದೆ. ಅಮೆರಿಕದ ಐವಾನ್ ಸದರ್ಲ್ಯಾಂಡ್ 1968ರಲ್ಲಿಯೇ ಇದರ ಮೊದಲ ರೂಪವನ್ನು ತೋರಿಸಿದನು. ಗಾಳಿಯಂತ್ರವನ್ನು ದುರಸ್ತಿ ಮಾಡುವವನು ಎಂಬತ್ತು, ನೂರು ಮೀಟರು ಎತ್ತರದ ಗೋಪುರವನ್ನೇರಬೇಕು. ಅಂಥ ಎತ್ತರ ತನಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ವಿದ್ಯಾರ್ಥಿನಿ ತರಗತಿಯ ಕುರ್ಚಿಯಲ್ಲಿ ಕುಳಿತೇ ಒಂದಿಷ್ಟು ಪರೀಕ್ಷಿಸಿಕೊಳ್ಳಬಹುದು. ಈ ಎತ್ತರ ಸುಳ್ಳಾದರೂ ಅದು ಹುಟ್ಟಿಸುವ ಅಂಜಿಕೆ ನಿಜವೇ. ಆದುದರಿಂದಲೇ 1990ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಎತ್ತರದ ಭಯದ ಚಿಕಿತ್ಸೆಗೆ ಇದನ್ನು ಬಳಸಿದರು. ಸೌರಫಲಕದ ಮೇಲೆ ಬಿಸಿಲು ಬೀಳುತ್ತಿರುವವರೆಗೆ ಅದರ ತಂತಿಯಲ್ಲಿ ವಿದ್ಯುತ್ತಿನ ಒತ್ತಡ ಇದ್ದೇ ಇರುತ್ತದೆ, ಸೂರ್ಯನಿಗೆ ಸ್ವಿಚ್ಚಿಲ್ಲ. ಅಲ್ಲಿ ಕೈತಪ್ಪಿದರೆ ಪ್ರಾಣಕ್ಕೆ ಅಪಾಯ. ಮಿಥ್ಯಾಲೋಕದಲ್ಲಿ ತಪ್ಪಿದರೆ ಅದೇ ಪಾಠ.

ಆದರೆ ಇದಕ್ಕೊಂದು ಮಿತಿಯುಂಟು. ಸಂಜಯನು ದಿವ್ಯದೃಷ್ಟಿಯಿಂದ ಕುರುಕ್ಷೇತ್ರವನ್ನು ಕಂಡು ಹೇಳಿದನು. ಅರಮನೆಯಲ್ಲಿ ಕುಳಿತು ಕೇಳಿದ ಧೃತರಾಷ್ಟ್ರನಿಗೆ ರಣದ ಬಿಸಿಲು ತಾಗಲಿಲ್ಲ. ಕನ್ನಡಕವು ಗೋಪುರದ ಎತ್ತರವನ್ನು ತೋರಿಸೀತು. ಏಪ್ರಿಲ್ ತಿಂಗಳ ಪಾವಗಡದ ಬಿಸಿಲನ್ನು, ತಿಂಗಳ ಕೊನೆಯ ಸಂಬಳದ ಮೊತ್ತವನ್ನು, ಗುತ್ತಿಗೆಯ ನೌಕರಿಯ ಅನಿಶ್ಚಯವನ್ನು ತೋರಿಸಲಾರದು. ಸೌರಸ್ಥಾವರವನ್ನು ಕಟ್ಟುವಾಗ ಬಹಳ ಜನ ಬೇಕು. ಕಟ್ಟಿದ ಮೇಲೆ ನಡೆಸಲು ಕೆಲವೇ ಜನ ಸಾಕು. ಸುತ್ತಲಿನ ಹಳ್ಳಿಯವರಿಗೆ ಉಳಿಯುವುದು ಹೆಚ್ಚಾಗಿ ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು. ಈ ಸತ್ಯವನ್ನು ಮರೆಮಾಡುವ ಮಾರ್ಗದರ್ಶನ ಜಾಹೀರಾತಾದೀತೇ ಹೊರತು ಉಪದೇಶವಾಗದು.

ಎರಡನೆಯ ಸಾಧನ ಕೃತಕ ಬುದ್ಧಿಮತ್ತೆ. ವಿದ್ಯಾರ್ಥಿನಿಯ ಅಂಕಗಳನ್ನು, ಒಲವುಗಳನ್ನು ಕೇಳಿಕೊಂಡು ಇಂಥ ಕೋರ್ಸು, ಇಂಥ ಕೆಲಸ ಎಂದು ಅದು ಸೂಚಿಸುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸೂರ್ಯಮಿತ್ರ ತರಬೇತಿಯಂಥ ವಿಷಯಗಳನ್ನು, ಐಟಿಐಯ ಯಾವ ಶಾಖೆಯಿಂದ ಯಾವ ಬಾಗಿಲು ತೆರೆಯುವುದೆಂಬುದನ್ನು, ನಡುರಾತ್ರಿಯಲ್ಲಿ ಕೇಳಿದರೂ ಬೇಸರವಿಲ್ಲದೆ ಹೇಳಬಲ್ಲುದು. ಸಲಹೆಗಾರರೇ ಇಲ್ಲದ ಶಾಲೆಗೆ ಇದು ಸಣ್ಣ ಉಪಕಾರವಲ್ಲ. ಆದರೆ ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲುದು. ಕೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸಿಕೊಳ್ಳುವುದು ಅವಶ್ಯ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಈ ಬುದ್ಧಿ ಕಲಿಯುವುದು ನಿನ್ನೆಯ ದಾಖಲೆಗಳಿಂದ. ನಿನ್ನೆಯವರೆಗೆ ಗೋಪುರವೇರಿದವರು ಗಂಡಸರೇ ಆಗಿದ್ದರೆ, ನಾಳೆ ಏರಬಯಸುವ ಹುಡುಗಿಗೆ ಅದು ಮೆಲ್ಲನೆ ಬೇರೆ ದಾರಿಯನ್ನು ತೋರಿಸೀತು. ಇದು ಬರಿಯ ಊಹೆಯಲ್ಲ. ಅಮೆರಿಕದ ಬಹುದೊಡ್ಡ ವ್ಯಾಪಾರ ಸಂಸ್ಥೆಯೊಂದು ನೌಕರರನ್ನು ಆರಿಸಲು ರೂಪಿಸಿದ್ದ ಇಂಥ ಯಂತ್ರವು ಹೆಂಗಸರ ಅರ್ಜಿಗಳನ್ನು ಹಿಂದಕ್ಕೆ ತಳ್ಳುತ್ತಿದ್ದುದರಿಂದ ಅದನ್ನು ಕೈಬಿಡಲಾಯಿತೆಂದು 2018ರಲ್ಲಿ ಪತ್ರಿಕೆಗಳು ವರದಿ ಮಾಡಿದುವು. ತಂದೆಯ ಕಸುಬು ಮಗನಿಗೆ ಎಂಬ ಕಟ್ಟಳೆಯನ್ನು ಸಡಿಲಿಸಲು ನಮ್ಮ ಸಮಾಜ ಎಷ್ಟೊಂದು ಹೆಣಗಿದೆ! ಅದೇ ಕಟ್ಟಳೆ ಗಣಿತದ ವೇಷವನ್ನು ತೊಟ್ಟು ಹಿಂಬಾಗಿಲಿನಿಂದ ಬರಬಾರದು.

ಹಾಗೆಂದು ಸಾಧನಗಳನ್ನು ದೂರವಿಡಬೇಕೆಂದು ನಾನು ಹೇಳುವುದಿಲ್ಲ. ಕೆಲಸವನ್ನು ತೋರಿಸಲು ಕನ್ನಡಕವಿರಲಿ. ಮಾಹಿತಿಯನ್ನು ಹುಡುಕಿಕೊಡಲು ಯಂತ್ರವಿರಲಿ, ಅದೂ ನಮ್ಮ ಮಕ್ಕಳ ಕನ್ನಡದಲ್ಲಿ. ಆದರೆ ಕನ್ನಡಕ ತೆಗೆದ ಮೇಲೆ ಮಾತನಾಡಲು ಒಬ್ಬ ಅಧ್ಯಾಪಕರು ಬೇಕು. ಬೇಲಿಯಾಚೆ ಕೆಲಸ ಮಾಡುತ್ತಿರುವ ಒಬ್ಬರು ಶಾಲೆಗೆ ಬಂದು, ತಮ್ಮ ಸಂಬಳವೆಷ್ಟು, ಕಷ್ಟವೇನು, ಸಂತೋಷವೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪಾರ್ಸನ್ಸನ ಸೂತ್ರದ ಎರಡನೆಯ ಮಾತಿಗೆ ಯಂತ್ರ ನೆರವಾದೀತು. ಮೊದಲನೆಯದೂ ಮೂರನೆಯದೂ, ತನ್ನನ್ನು ತಾನು ತಿಳಿಯುವುದೂ ಕೊನೆಗೆ ನಿರ್ಧರಿಸುವುದೂ, ಆ ಹುಡುಗಿಯವೇ. ಆಕೆಗೆ ನಾವು ಬೇಲಿಯ ಬಾಗಿಲನ್ನು ತೋರಿಸೋಣ. ಒಳಗೆ ಹೋಗುವುದೋ ಬೇಡವೋ ಎಂಬುದನ್ನು ಆಕೆಯೇ ಹೇಳಲಿ.